ನಾಟಿ ಎಮ್ಮೆ ಹಾಲು ಕಡಿಮೆ ಕೊಡುವುದಕ್ಕೆ ತಳಿಯೊಂದೇ ಕಾರಣವೇ?

'ನಾಟಿ ಎಮ್ಮೆ ಕಟ್ಟಿ ಏನು ಮಾಡ್ತೀರಿ, ಮುರ್ರಾ ತನ್ನಿ.' ಹಾಲಿನ ಮಾತು ಬಂದ ಕಡೆಯೆಲ್ಲ ಈ ಸಲಹೆ ಸಿಗುತ್ತದೆ. ಮುರ್ರಾ ಎಂದರೆ ಉತ್ತರ ಭಾರತದ, ಹೆಚ್ಚು ಹಾಲು ಕೊಡುವ ಎಮ್ಮೆ ತಳಿ. ಇದು ಪೂರ್ತಿ ಸುಳ್ಳಲ್ಲ. ಆದರೆ ಹಾಲಿನ ಪ್ರಶ್ನೆಗೆಲ್ಲ ತಳಿಯೊಂದೇ ಉತ್ತರ ಎನ್ನುವ ನಂಬಿಕೆ ಬೆಳೆದು ಬಂದದ್ದಕ್ಕೆ ಒಂದು ಇತಿಹಾಸವಿದೆ.

1939ರಲ್ಲಿ ಮೈಸೂರಿನ ಅರಮನೆ ಡೇರಿ ಫಾರಂನಲ್ಲಿ ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಿದರು. ದೇಶದಲ್ಲಿ ಅದೇ ಮೊದಲು. 1943ರಲ್ಲಿ ಅಲಹಾಬಾದಿನಲ್ಲಿ ಈ ವಿಧಾನದಿಂದ ಎಮ್ಮೆ ಕರು ಹುಟ್ಟಿತು. ಮುಂದೆ ಹಸುಗಳಿಗೆ ಜೆರ್ಸಿ, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಎಂಬ ವಿದೇಶಿ ತಳಿಗಳು ಬಂದವು. ಎಮ್ಮೆಗೆ ಹಾಗೆ ಹೊರಗಿನಿಂದ ತರಲು ಏನೂ ಇರಲಿಲ್ಲ. ಬಲ್ಗೇರಿಯಾ, ಬ್ರೆಜಿಲ್‌ನವರೇ ಇಲ್ಲಿಂದ ಮುರ್ರಾ ಒಯ್ದರು! ಹಾಗಾಗಿ ಹರಿಯಾಣದ ರೋಹ್ಟಕ್, ಹಿಸಾರ್ ಕಡೆಯ ಮುರ್ರಾವೇ ನಮ್ಮ 'ಸುಧಾರಿತ' ಎಮ್ಮೆಯಾಯಿತು. ಊರ ಎಮ್ಮೆಗೆಲ್ಲ ಅದರ ವೀರ್ಯ ಕೊಡುವುದೇ ಅಭಿವೃದ್ಧಿ ಎನಿಸಿತು. 1970ರಲ್ಲಿ ಕ್ಷೀರ ಕ್ರಾಂತಿ ಶುರುವಾದ ಮೇಲೆ ಹಾಲಿಗೆ ಊರೂರಲ್ಲಿ ಮಾರುಕಟ್ಟೆ ಸಿಕ್ಕಿ, ಈ ಓಟ ಜೋರಾಯಿತು.

ಇನ್ನೊಂದು ಕಡೆ ಒಳ್ಳೆಯ ಎಮ್ಮೆಗಳು ಕೈಬಿಟ್ಟು ಹೋಗುತ್ತಿದ್ದವು. ಮುಂಬೈ, ಕೋಲ್ಕತ್ತದ ತಬೇಲಾಗಳಿಗೆ, ಅಂದರೆ ನಗರದ ಎಮ್ಮೆ ಕೊಟ್ಟಿಗೆಗಳಿಗೆ, ಆಗಷ್ಟೇ ಈದ ಎಮ್ಮೆಗಳನ್ನು ಆರಿಸಿ ಒಯ್ಯುತ್ತಿದ್ದರು. ಹಾಲು ಬತ್ತಿದ ಮೇಲೆ ಸಾಕುವುದು ದುಬಾರಿ. ಎಷ್ಟೋ ಎಮ್ಮೆಗಳು ಮತ್ತೆ ಗಬ್ಬವಾಗದೆ ಕಸಾಯಿಖಾನೆ ಸೇರಿದವು. ಜಾಸ್ತಿ ಹಾಲು ಕೊಟ್ಟದ್ದೇ ಅವುಗಳ ವಂಶಕ್ಕೆ ಮುಳುವಾಯಿತು.

ತಬೇಲಾದಲ್ಲಿ ಕರುವಿಗೂ ಬೆಲೆ ಇರಲಿಲ್ಲ. ಇಲ್ಲೇ ಎಮ್ಮೆಯ ದೇಹದ ಗುಟ್ಟೊಂದು ಅಡ್ಡ ಬರುತ್ತದೆ. ಹಸುವಿನ ಕೆಚ್ಚಲಲ್ಲಿ ಸುಮಾರು ಐದನೇ ಒಂದು ಪಾಲು ಹಾಲು ಮೊಲೆಯ ಮೇಲಿನ ಚೀಲಕ್ಕೆ ಮೊದಲೇ ಇಳಿದಿರುತ್ತದೆ. ಎಮ್ಮೆಯಲ್ಲಿ ಅದು ಶೇ 5ರಷ್ಟು ಮಾತ್ರ. ಉಳಿದದ್ದೆಲ್ಲ ಮೇಲಿನ ಸಣ್ಣ ಸಣ್ಣ ಗೂಡುಗಳಲ್ಲಿ ಕೂತಿರುತ್ತದೆ. ಅದು ಇಳಿಯಲು ಆಕ್ಸಿಟೋಸಿನ್ ಹಾರ್ಮೋನು ಹರಿಯಬೇಕು. ಕರು ಬಿಟ್ಟಾಗ ನೋಡಿ: ಅದು ಮೂತಿಯಿಂದ ಕೆಚ್ಚಲನ್ನು ಗುದ್ದುತ್ತದೆ, ಮೊಲೆ ಬದಲಿಸುತ್ತಾ ಚೀಪುತ್ತದೆ. ಎಮ್ಮೆ ಸುಮ್ನೆ ನಿಂತಿರುತ್ತದೆ. ಒಂದೆರಡು ನಿಮಿಷ, ಕೆಲವಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕು. ಆಮೇಲೆ ಸುಕ್ಕಾಗಿದ್ದ ಮೊಲೆಗಳು ತುಂಬಿಕೊಳ್ಳುತ್ತವೆ. ಹೊಸಬರು ಹಿಂಡಲು ಕೂತರೆ, ನಾಯಿ ಬೊಗಳಿದರೆ ಹಾಲು ಮೇಲೆಯೇ ನಿಲ್ಲುತ್ತದೆ. ಕರು ಸತ್ತರಂತೂ ಕೇಳುವುದೇ ಬೇಡ.

ಕರು ಇಲ್ಲದೆ ಹಾಲು ಇಳಿಸಲು ಹಿಂದೆ 'ಫೂಕಾ' ಎಂಬ ಕ್ರೂರ ಪದ್ಧತಿ ಇತ್ತು. ಎಮ್ಮೆಯ ಯೋನಿಗೆ ಗಾಳಿ ಊದುತ್ತಿದ್ದರು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಅದನ್ನು ಅಪರಾಧವೆಂದು ಸಾರಿತು. ಆಮೇಲೆ ಬಂದದ್ದು ಆಕ್ಸಿಟೋಸಿನ್ ಸೂಜಿ. ಕರುವನ್ನು ಬದುಕಿಸಿಕೊಳ್ಳುವುದು ಇದಕ್ಕಿಂತ ಸುಲಭ ಅಲ್ವಾ? ಅದರಲ್ಲೂ ಕೋಣಗರುವಿಗೆ ಹಾಲು ಬಿಡದೆ ಸಾಯಲು ಬಿಟ್ಟರೆ ಆ ಸೂಲಿನ ಹಾಲೂ ಹೋಯಿತು, ನಾಳೆಯ ಒಳ್ಳೆ ಬೀಜದ ಕೋಣವೂ ಹೋಯಿತು. ಹೆಣ್ಗರುವಿಗೆ ಹೊಟ್ಟೆ ಕಟ್ಟಿದರೆ ಅದು ಮೊದಲ ಸಲ ಈಯುವ ಹೊತ್ತಿಗೆ ನಾಲ್ಕು ವರ್ಷ ದಾಟುತ್ತದೆ.

ಬಿಸಿಲಿನ ಕಥೆಯೂ ಇದೆ. 'ಎಮ್ಮೆ ಮೇಲೆ ಮಳೆ ಸುರಿದ ಹಾಗೆ' ಎಂದು ಹಂಗಿಸುತ್ತೇವೆ. ಅದಕ್ಕೆ ನೀರು ಬಿದ್ದಷ್ಟೂ ಒಳ್ಳೆಯದು! ಚರ್ಮ ಕಪ್ಪು, ಬೆವರಿನ ಗ್ರಂಥಿಗಳು ಹಸುವಿಗಿಂತ ಬಹಳ ಕಡಿಮೆ. ಕೆರೆ-ಹೊಂಡ ಮುಚ್ಚಿದ ಊರಲ್ಲಿ ಎಮ್ಮೆ ಏದುಸಿರು ಬಿಡುತ್ತದೆ, ಮೇವು ಬಿಡುತ್ತದೆ. ಬೇಸಿಗೆಯಲ್ಲಿ ಬೆದೆಗೆ ಬಂದರೂ ಕೂಗುವುದಿಲ್ಲ, ಗೊತ್ತೇ ಆಗುವುದಿಲ್ಲ. ಗಬ್ಬವೇ ಹತ್ತು ತಿಂಗಳು. ಬೆದೆ ತಪ್ಪುತ್ತಾ ಹೋದರೆ ಎರಡು ಸೂಲಿನ ನಡುವೆ ಒಂದೂವರೆ ವರ್ಷವಾಗುತ್ತದೆ. ದಿನದ ಲೀಟರ್ ಎಣಿಸುವವರು ಈ ಖಾಲಿ ತಿಂಗಳುಗಳನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಮೇವಿನ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ: ಒಣ ಕಣಿಕೆಯೊಂದರಲ್ಲೇ ಹಾಲು ಬರದು. ಹಸಿಮೇವು, ಎರಡು ಲೀಟರ್ ಹಾಲಿಗೆ ಒಂದು ಕೆಜಿಯಷ್ಟು ಹಿಂಡಿ-ಬೂಸಾ, ಖನಿಜ ಮಿಶ್ರಣ, ಈಯುವ ಮುಂಚೆ ಎರಡು ತಿಂಗಳ ವಿರಾಮ ಬೇಕು. ಮೂರು-ನಾಲ್ಕನೇ ಸೂಲಿಗೆ ಹಾಲು ಹೆಚ್ಚಿನ ಮಟ್ಟ ಮುಟ್ಟುತ್ತದೆ. ಮೊದಲ ಸೂಲಿನಲ್ಲೇ ಬೇಸತ್ತು ಮಾರಿದವರಿಗೆ ಅದು ಕಾಣುವುದಿಲ್ಲ.

ಇಷ್ಟೆಲ್ಲದರ ನಡುವೆ ನಮ್ಮ ಧಾರವಾಡಿ ಎಮ್ಮೆಗೆ ಪ್ರತ್ಯೇಕ ತಳಿಯೆಂಬ ನೋಂದಣಿ ಸಿಕ್ಕಿದ್ದು 2021ರಲ್ಲಿ. ಸೂಲಿಗೆ ಸರಾಸರಿ ಸಾವಿರ ಲೀಟರ್‌ಗೆ ತುಸು ಕಡಿಮೆ ಹಾಲು, ಒಳ್ಳೆ ಜಿಡ್ಡು. ಧಾರವಾಡದ ಪೇಡೆಗೆ ಹೆಸರು ತಂದದ್ದು ಇದರ ಹಾಲೇ. ಮುರ್ರಾಕ್ಕೆ ಹೋಲಿಸಿದರೆ ಲೀಟರ್ ಕಡಿಮೆ, ನಿಜ. ಆದರೆ ಆರಿಸಿ ಬೆಳೆಸಿದ ತಳಿಯನ್ನೂ ತನ್ನ ಪಾಡಿಗೆ ಬದುಕಿದ ತಳಿಯನ್ನೂ ಒಂದೇ ತಕ್ಕಡಿಗೆ ಹಾಕುವುದು ನ್ಯಾಯವಲ್ಲ. ಹಾಗೆ ಆರಿಸಲು ಒಂದು ಕೋಣದ ಗುಣ ತಿಳಿಯಬೇಕೆಂದರೆ ಅದರ ಹೆಣ್ಗರುಗಳು ಬೆಳೆದು, ಈದು, ಒಂದು ಸೂಲು ಹಾಲು ಕೊಟ್ಟು, ಆ ಲೆಕ್ಕವನ್ನು ಯಾರಾದರೂ ಬರೆದಿಡಬೇಕು. ಕೋಣ ಹುಟ್ಟಿದ ದಿನದಿಂದ ಎಣಿಸಿದರೆ ಅದಕ್ಕೆ ಎಂಟೊಂಬತ್ತು ವರ್ಷ ಹಿಡಿಯುತ್ತದೆ.