ವಿನೆಗರ್ ಹಾಕಿದರೆ ಮಣ್ಣಿನ ಪಿಎಚ್ ಇಳಿಯುತ್ತಾ?

ಪ್ರಶ್ನೆ: ನಮ್ಮ ಕೈತೋಟದ ಮಣ್ಣಿನ ಪಿಎಚ್ 7.8 ಇದೆ. ಗುಲಾಬಿ, ಕೇಪಳ ಎರಡರ ಚಿಗುರೂ ಹಳದಿಯಾಗುತ್ತಿದೆ. ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ವಿನೆಗರ್ ಬೆರೆಸಿ ವಾರಕ್ಕೊಮ್ಮೆ ಹಾಕಿದರೆ ಪಿಎಚ್ ಇಳಿಯುತ್ತದೆ ಅಂತ ಕೇಳಿದ್ದೇನೆ. ಎಷ್ಟು ವಾರ ಹಾಕಬೇಕು?

ಉತ್ತರ: ಎಷ್ಟು ವಾರ ಹಾಕಿದರೂ ಇಳಿಯುವುದಿಲ್ಲ. ಈ ಪ್ರಶ್ನೆ ಒಮ್ಮೆ ವಿನೆಗರ್ ಅಂತ, ಒಮ್ಮೆ ನಿಂಬೆರಸ ಅಂತ, ಇನ್ನೊಮ್ಮೆ ಕಾಫಿ ಚರಟ ಅಂತ ಬರುತ್ತಲೇ ಇರುತ್ತದೆ. "ಬೇಡ, ಗಂಧಕ ಹಾಕಿ" ಅಂತ ಒಂದೇ ಸಾಲಿನಲ್ಲಿ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಒಂದು ಸಾಲಿನ ಉತ್ತರಕ್ಕೆ ಯಾರೂ ವಿನೆಗರ್ ಬಾಟಲಿ ಕೆಳಗಿಡುವುದಿಲ್ಲ. ಆದ್ದರಿಂದ ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ. ದಯವಿಟ್ಟು ಕೊನೆಯವರೆಗೆ ಓದಿ.

ವಿನೆಗರ್ ಹುಳಿ, ಅದರಲ್ಲಿ ಎರಡು ಮಾತಿಲ್ಲ. ಅದರ ಪಿಎಚ್ ಸುಮಾರು 2.5 (ಪಿಎಚ್ ಅಂದರೆ ಹುಳಿಯ ಅಳತೆ; 7 ತಟಸ್ಥ, ಅದಕ್ಕಿಂತ ಇಳಿದಷ್ಟೂ ಹುಳಿ ಜಾಸ್ತಿ). ಮಣ್ಣಿಗೆ ಸುರಿದು ತಕ್ಷಣ ಅಳೆದರೆ ಅಂಕಿ ಇಳಿದಿರುತ್ತದೆ ಕೂಡ. ಈ ನಂಬಿಕೆ ಹುಟ್ಟಿರುವುದೇ ಅಲ್ಲಿಂದ. ಅಂಕಿ ಇಳಿದದ್ದನ್ನು ಕಣ್ಣಾರೆ ನೋಡಿದವರು ನಾಲ್ಕು ಜನಕ್ಕೆ ಹೇಳುತ್ತಾರೆ. ಕೆಲವು ವಾರ ಬಿಟ್ಟು ಅದೇ ಜಾಗದಲ್ಲಿ ಮತ್ತೆ ಅಳೆಯುವವರು ಮಾತ್ರ ಬಹಳ ಕಡಿಮೆ. ಅಳೆದರೆ ಮತ್ತೆ ಅದೇ 7.8 ಕಾಣುತ್ತದೆ.

ಯಾಕೆ ಹೀಗೆ? ಅಳತೆಗೆ ಸಿಗುವುದು ಮಣ್ಣಿನ ನೀರಿನಲ್ಲಿ ಆ ಹೊತ್ತಿಗೆ ಕರಗಿರುವ ಹುಳಿ ಮಾತ್ರ. ಅದರ ಹಿಂದೆ, ಹಾಕಿದ ಹುಳಿಯನ್ನು ನುಂಗಿಹಾಕುವ ವಸ್ತುಗಳ ದೊಡ್ಡ ದಾಸ್ತಾನು ಇರುತ್ತದೆ. ಜೇಡಿ ಕಣಗಳ ಮೇಲೆ, ಕೊಳೆತ ಸಾವಯವ ವಸ್ತುವಿನ ಮೇಲೆ, ಎಲ್ಲಕ್ಕಿಂತ ಜಾಸ್ತಿ ಮಣ್ಣಿನಲ್ಲಿ ಬೆರೆತ ಸುಣ್ಣದ ರೂಪದಲ್ಲಿ. ಬಾವಿಯಿಂದ ಎರಡು ಕೊಡ ನೀರು ಸೇದಿದರೆ ಮಟ್ಟ ಸ್ವಲ್ಪ ಇಳಿದು, ಒರತೆಯಿಂದ ಮತ್ತೆ ತುಂಬಿಕೊಳ್ಳುತ್ತದಲ್ವಾ, ಇದೂ ಹಾಗೆಯೇ.

ಈಗ ಲೆಕ್ಕ. ಒಂದು ಚದರ ಮೀಟರ್ ಜಾಗದಲ್ಲಿ 15 ಸೆಂಟಿಮೀಟರ್ ಆಳದವರೆಗೆ ಸುಮಾರು 200 ಕಿಲೋ ಮಣ್ಣು ಇರುತ್ತದೆ. ಅದರಲ್ಲಿ ಬರೀ 1 ಶೇಕಡಾ ಸುಣ್ಣ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಇದೆ ಅಂದುಕೊಳ್ಳಿ. ಅದೇ 2 ಕಿಲೋ ಆಯಿತು. ಅಡುಗೆಮನೆಯ ವಿನೆಗರ್‌ನಲ್ಲಿ ಅಸಿಟಿಕ್ ಆಮ್ಲ 5 ಶೇಕಡಾ. ಆ 2 ಕಿಲೋ ಸುಣ್ಣವನ್ನು ಕರಗಿಸಲು 48 ಲೀಟರ್ ವಿನೆಗರ್ ಬೇಕು, ಅದೂ ಒಂದು ಹನಿ ನೀರು ಬೆರೆಸದೆ. ನಿಮ್ಮ ಎರಡು ಚಮಚ, ಅಂದರೆ 30 ಮಿಲಿಲೀಟರ್, ಕರಗಿಸುವುದು ಒಂದೂಕಾಲು ಗ್ರಾಂ ಸುಣ್ಣ. ವಾರಕ್ಕೊಮ್ಮೆ ಹಾಕುತ್ತಾ ಹೋದರೆ ಒಂದು ಚದರ ಮೀಟರ್ ಮುಗಿಸಲು ಮೂವತ್ತು ವರ್ಷ ಬೇಕು.

ಮೂವತ್ತು ವರ್ಷ ತಾಳ್ಮೆಯಿಂದ ಹಾಕಿದರೂ ಆಗುವುದಿಲ್ಲ. ಅದಕ್ಕೆ ಕಾರಣವೇ ಈ ಉತ್ತರದ ಮುಖ್ಯ ಭಾಗ. ವಿನೆಗರ್ ಮತ್ತು ಸುಣ್ಣ ಸೇರಿದಾಗ ಕ್ಯಾಲ್ಸಿಯಂ ಅಸಿಟೇಟ್ ಆಗುತ್ತದೆ. ಅಸಿಟೇಟ್ ಅಂದರೆ ಮಣ್ಣಿನ ಬ್ಯಾಕ್ಟೀರಿಯಾಗಳಿಗೆ ಊಟ. ಅವು ಅದನ್ನು ಬಲು ಬೇಗ ತಿಂದು ಮುಗಿಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಉಳಿದ ಕ್ಯಾಲ್ಸಿಯಂ ಅದೇ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಅಂದರೆ ನೀವು ಕಷ್ಟಪಟ್ಟು ಕರಗಿಸಿದ ಸುಣ್ಣ ಅಲ್ಲೇ ಮತ್ತೆ ಹುಟ್ಟುತ್ತದೆ. ಹುಳಿ ಗಾಳಿಗೆ ಹೋಯಿತು, ಸುಣ್ಣ ಮಣ್ಣಿನಲ್ಲೇ ಉಳಿಯಿತು. ನಿಂಬೆರಸದ ಸಿಟ್ರಿಕ್ ಆಮ್ಲದ ಕಥೆಯೂ ಇದೇ. ಬ್ಯಾಕ್ಟೀರಿಯಾ ತಿನ್ನಬಲ್ಲ ಯಾವ ಹುಳಿಯಿಂದಲೂ ಮಣ್ಣಿನ ಪಿಎಚ್ ಖಾಯಂ ಆಗಿ ಇಳಿಯುವುದಿಲ್ಲ. ಇದೊಂದು ಮಾತು ನೆನಪಿಟ್ಟುಕೊಂಡರೆ ಅಡುಗೆಮನೆಯಿಂದ ಬರುವ ಮುಕ್ಕಾಲು ಪಾಲು ಸಲಹೆಗಳನ್ನು ನೀವೇ ಪರೀಕ್ಷೆ ಮಾಡಬಹುದು.

"ಹಾಗಾದರೆ ಜಾಸ್ತಿ ಗಟ್ಟಿ ಹಾಕಿದರೆ?" ಅಂತ ಕೇಳುವವರಿದ್ದಾರೆ. ಹಾಕಬೇಡಿ. ಗಟ್ಟಿ ಅಸಿಟಿಕ್ ಆಮ್ಲವನ್ನು ಕಳೆ ಸುಡಲು ಬಳಸುತ್ತಾರೆ. ಕಳೆಗೂ ಗುಲಾಬಿಗೂ ಅದು ವ್ಯತ್ಯಾಸ ಮಾಡುವುದಿಲ್ಲ. ಎಳೆ ಬೇರು ಮೊದಲು ಸುಡುತ್ತದೆ.

ಉಳಿದವನ್ನು ಬೇಗ ಮುಗಿಸುತ್ತೇನೆ. ಕಾಫಿಯ ಹುಳಿಯ ಬಹುಪಾಲು ಕುಡಿಯುವ ಲೋಟಕ್ಕೆ ಹೋಗಿರುತ್ತದೆ. ಉಳಿದ ಚರಟ ಬಹುತೇಕ ತಟಸ್ಥ. ಕಾಂಪೋಸ್ಟ್‌ಗೆ ಹಾಕಿ, ಒಳ್ಳೆಯದು, ಆದರೆ ಪಿಎಚ್ ಇಳಿಸಲಿ ಅಂತ ಹಾಕಬೇಡಿ. ಪೈನ್ ಎಲೆ ಹಸಿಯಾಗಿದ್ದಾಗ ಹುಳಿ, ಕೊಳೆತ ಮೇಲೆ ಇಲ್ಲ. ಎಪ್ಸಮ್ ಸಾಲ್ಟ್ ಕೊಡುವುದು ಮೆಗ್ನೀಷಿಯಂ ಅಷ್ಟೆ. ಜಿಪ್ಸಂ ಸೋಡಿಯಂ ತುಂಬಿದ ಚೌಳು ಮಣ್ಣಿಗೆ ಔಷಧ, ಸುಣ್ಣದ ಮಣ್ಣಿಗಲ್ಲ.

ಆ ವಿನೆಗರ್ ಬಾಟಲಿ ಒಂದು ಕೆಲಸಕ್ಕೆ ಮಾತ್ರ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಒಣ ಮಣ್ಣು ಒಂದು ಹಿಡಿ ತೆಗೆದುಕೊಂಡು ಅದರ ಮೇಲೆ ಸ್ವಲ್ಪ ವಿನೆಗರ್ ಹಾಕಿ, ಕಿವಿ ಹತ್ತಿರ ಇಟ್ಟು ಕೇಳಿ. ಚುರ್ ಅಂತ ನೊರೆ ಬಂದರೆ ಮಣ್ಣಿನಲ್ಲಿ ಸುಣ್ಣ ಹಾಗೇ ಬಿದ್ದಿದೆ ಎಂದರ್ಥ. ಪಿಎಚ್ 7.8 ಅಂದಿರಲ್ಲ, ನಿಮ್ಮ ಮಣ್ಣಿನಲ್ಲಿ ನೊರೆ ಬರುವ ಸಾಧ್ಯತೆ ಜಾಸ್ತಿ. ಚೆನ್ನಾಗಿ ನೊರೆ ಬಂದರೆ ಇಡೀ ಪಾತಿಯ ಪಿಎಚ್ ಇಳಿಸುವ ಯೋಚನೆಯನ್ನೇ ಬಿಡಿ ಅಂತ ನಾನು ಹೇಳುತ್ತೇನೆ. ಬೇಸರ ಮಾಡಿಕೊಳ್ಳಬೇಡಿ. ಹುಳಿ ಮಣ್ಣು ಬೇಕೇ ಬೇಕು ಅನ್ನುವ ಗಿಡಗಳನ್ನು ಕುಂಡಕ್ಕೆ ಅಥವಾ ಹೊರಗಿನ ಮಣ್ಣು ತುಂಬಿದ ಎತ್ತರದ ಪಾತಿಗೆ ಬದಲಿಸಿ. ನೆಲದಲ್ಲೇ ಇರಲಿ ಅಂದರೆ ಕಬ್ಬಿಣದ ಕೀಲೇಟ್, ಅಂದರೆ ಕಬ್ಬಿಣವನ್ನು ಕರಗಿದ ರೂಪದಲ್ಲೇ ಹಿಡಿದಿಡುವ ಗೊಬ್ಬರ, ಕೊಡಿ. ಇಲ್ಲೂ ಎಚ್ಚರ ಬೇಕು. ಸಾಮಾನ್ಯವಾಗಿ ಸಿಗುವ ಇಡಿಟಿಎ ಕೀಲೇಟ್ ಪಿಎಚ್ 6.5 ದಾಟಿದ ಮಣ್ಣಿನಲ್ಲಿ ನಿಲ್ಲುವುದಿಲ್ಲ. ಸುಣ್ಣದ ಮಣ್ಣಿಗೆ ಇಡಿಡಿಎಚ್ಎ ಎಂದು ಬರೆದಿರುವುದೇ ಬೇಕು. ಮಣ್ಣಿನಲ್ಲಿ ಕಬ್ಬಿಣಕ್ಕೆ ಬರ ಇರುವುದಿಲ್ಲ. ಪಿಎಚ್ ಜಾಸ್ತಿಯಾದಾಗ ಅದು ಕರಗುವುದಿಲ್ಲ, ಬೇರಿಗೆ ಸಿಗುವುದಿಲ್ಲ. ಅದಕ್ಕೇ ನರ ಹಸಿರಾಗಿ ಉಳಿದು ನಡುವಿನ ಭಾಗ ಹಳದಿಯಾಗುವುದು, ಅದೂ ಎಳೆ ಎಲೆಯಲ್ಲಿ ಮೊದಲು. ಹಳದಿ ಹಳೆ ಎಲೆಗಳಿಂದ ಶುರುವಾಗಿದ್ದರೆ ಸಾರಜನಕದ ಕೊರತೆ ಇರಬಹುದು. ನೀರು ನಿಂತು ಬೇರು ಕೊಳೆಯುತ್ತಿದ್ದರೂ ಹಳದಿಯಾಗುತ್ತದೆ. ಪಿಎಚ್‌ಗೆ ಕೈ ಹಾಕುವ ಮುಂಚೆ ಇದನ್ನು ನೋಡಿ.

ನೊರೆ ಬರಲಿಲ್ಲವೇ? ಆಗ ಗಂಧಕ. ಹಳದಿ ಪುಡಿ, ಶುದ್ಧ ಗಂಧಕ. ಅದು ತಾನಾಗಿ ಹುಳಿಯಲ್ಲ. ಮಣ್ಣಿನ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಸಲ್ಫ್ಯೂರಿಕ್ ಆಮ್ಲ ಮಾಡುತ್ತವೆ, ನಿಧಾನವಾಗಿ, ಇಷ್ಟಿಷ್ಟೇ. ಅವುಗಳಲ್ಲಿ ಒಂದನ್ನು 1922ರಲ್ಲಿ ಸೆಲ್ಮನ್ ವಾಕ್ಸ್‌ಮನ್ ಮತ್ತು ಜೇಕಬ್ ಜಾಫ್ ಮಣ್ಣಿನಿಂದ ಬೇರ್ಪಡಿಸಿ ಥಯೋಬ್ಯಾಸಿಲಸ್ ಥಯೋಆಕ್ಸಿಡಾನ್ಸ್ ಎಂದು ಹೆಸರಿಟ್ಟರು. ಇದೇ ವಾಕ್ಸ್‌ಮನ್ ಅವರಿಗೆ ಸ್ಟ್ರೆಪ್ಟೊಮೈಸಿನ್ ಔಷಧದ ಸಂಶೋಧನೆಗಾಗಿ 1952ರಲ್ಲಿ ನೊಬೆಲ್ ಬಂತು. ಮಣ್ಣು ಕೆದಕಿದವರು ಮನುಷ್ಯರ ಜೀವ ಉಳಿಸಿದರು ಅನ್ನುವುದು ನನಗೆ ಯಾವಾಗಲೂ ಹೆಮ್ಮೆಯ ವಿಷಯ.

ವಿನೆಗರ್‌ಗೂ ಇದಕ್ಕೂ ಏನು ವ್ಯತ್ಯಾಸ ಅಂದರೆ, ಗಂಧಕದಿಂದ ಆದ ಸಲ್ಫೇಟನ್ನು ಗಾಳಿಯಾಡುವ ಮಣ್ಣಿನಲ್ಲಿ ಯಾವ ಬ್ಯಾಕ್ಟೀರಿಯಾವೂ ತಿಂದು ಹಾಕುವುದಿಲ್ಲ. ಕ್ಯಾಲ್ಸಿಯಂ ಜೊತೆ ಸೇರಿ ಅದು ಜಿಪ್ಸಂ ಆಗಿ, ನಿಧಾನವಾಗಿ ನೀರಿನಲ್ಲಿ ಕರಗಿ ಕೆಳಗೆ ಇಳಿಯುತ್ತದೆ. ಸುಣ್ಣ ಮತ್ತೆ ಹುಟ್ಟುವುದಿಲ್ಲ. 48 ಲೀಟರ್ ವಿನೆಗರ್‌ನ ಕೆಲಸವನ್ನು 640 ಗ್ರಾಂ ಗಂಧಕ ಮಾಡುತ್ತದೆ.

ಹಾಗಂತ 640 ಗ್ರಾಂ ಒಟ್ಟಿಗೆ ಸುರಿಯಬೇಡಿ. ಸುಣ್ಣ ಇಲ್ಲದ ಮಣ್ಣಿಗೆ ಅಷ್ಟು ಬೇಕಾಗುವುದೂ ಇಲ್ಲ. ಪಿಎಚ್ 7.5ರಿಂದ 6.5ಕ್ಕೆ ಇಳಿಸಲು ಮರಳು ಮಣ್ಣಿಗೆ ಚದರ ಮೀಟರಿಗೆ ಸುಮಾರು 50 ಗ್ರಾಂ, ಗೋಡು ಮಣ್ಣಿಗೆ 75 ಗ್ರಾಂ, ಜೇಡಿ ಮಣ್ಣಿಗೆ 100 ಗ್ರಾಂ ಅಥವಾ ಸ್ವಲ್ಪ ಜಾಸ್ತಿ. ಒಂದು ಸಲಕ್ಕೆ 100 ಗ್ರಾಂ ದಾಟಬೇಡಿ. ಉಳಿದದ್ದು ಮತ್ತೆ ಅಳೆದು, ಮುಂದಿನ ವರ್ಷ. 10 ಲೀಟರ್ ಕುಂಡಕ್ಕೆ 4-5 ಗ್ರಾಂ ಸಾಕು, ಅದನ್ನು ತೂಕ ಮಾಡಿಯೇ ಹಾಕಿ. ಶಿಲೀಂಧ್ರನಾಶಕ ಅಂತ ಸಿಗುವ 80 ಶೇಕಡಾ ವೆಟ್ಟಬಲ್ ಸಲ್ಫರ್ ಕೂಡ ಆಗುತ್ತದೆ. ಅದರ 100 ಗ್ರಾಂನಲ್ಲಿ ಗಂಧಕ 80 ಗ್ರಾಂ ಅಂತ ಲೆಕ್ಕ ಇಟ್ಟುಕೊಳ್ಳಿ.

ನೆಡುವ ಮುಂಚೆ 10-15 ಸೆಂಟಿಮೀಟರ್ ಆಳಕ್ಕೆ ಬೆರೆಸುವುದು ಒಳ್ಳೆಯದು. ಗಿಡ ಆಗಲೇ ಇದ್ದರೆ ಅರ್ಧ ಪ್ರಮಾಣ ಹಾಕಿ, ಬೇರಿಗೆ ಪೆಟ್ಟಾಗದ ಹಾಗೆ ಮೇಲ್ಮಣ್ಣಿನಲ್ಲಿ ಕೆದರಿ. ಹಾಗೇ ಮೇಲೆ ಉದುರಿಸಿ ಬಿಟ್ಟರೆ ತಿಂಗಳುಗಟ್ಟಲೆ ಹಳದಿ ಪುಡಿಯಾಗಿಯೇ ಬಿದ್ದಿರುತ್ತದೆ. ಬ್ಯಾಕ್ಟೀರಿಯಾಕ್ಕೆ ಬೆಚ್ಚಗಿರಬೇಕು, ತೇವ ಇರಬೇಕು, ಗಾಳಿ ಇರಬೇಕು. ಚಳಿಯಲ್ಲಿ ಅದು ಮಲಗಿರುತ್ತದೆ. ನೀರು ನಿಂತ ಮಣ್ಣಿನಲ್ಲಿ ಕೆಲಸ ಕೆಟ್ಟು ಕೊಳೆತ ಮೊಟ್ಟೆಯ ವಾಸನೆ ಬರಬಹುದು, ಅದು ಬೇರಿಗೆ ವಿಷ. ಎಲ್ಲ ಸರಿಯಿದ್ದರೂ ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು. ಎರಡನೇ ವಾರಕ್ಕೇ "ಏನೂ ಆಗಲಿಲ್ಲ" ಅಂತ ಮತ್ತೊಂದು ಸುತ್ತು ಹಾಕುವುದೇ ದೊಡ್ಡ ಅಪಾಯ. ಎರಡೂ ಸುತ್ತು ಒಟ್ಟಿಗೆ ಕೆಲಸ ಮಾಡಿ ಪಿಎಚ್ 5ಕ್ಕಿಂತ ಕೆಳಗೆ ಹೋದರೆ ಮಣ್ಣಿನ ಅಲ್ಯೂಮಿನಿಯಂ ಕರಗಿ ಬೇರಿನ ತುದಿ ಸಾಯುತ್ತದೆ. ಪಿಎಚ್ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಹೆಚ್ಚಿದ ಹಾಗೆ. ಪುಡಿ ಹಾಕುವಾಗ ಮಾಸ್ಕ್ ಮತ್ತು ಕನ್ನಡಕ ಇರಲಿ. ಬೆಂಕಿಯ ಹತ್ತಿರ ಬೇಡ, ಗಂಧಕದ ದೂಳು ಹೊತ್ತಿಕೊಳ್ಳುತ್ತದೆ.

ಫೆರಸ್ ಸಲ್ಫೇಟ್, ಅಲ್ಯೂಮಿನಿಯಂ ಸಲ್ಫೇಟ್ ಬೇಗ ಕೆಲಸ ಮಾಡುತ್ತವೆ, ಆದರೆ ಗಂಧಕದ ಏಳೆಂಟು ಪಟ್ಟು ತೂಕ ಬೇಕು. ಹೈಡ್ರೇಂಜಿಯಾ ಹೂವು ನೀಲಿಯಾಗಲಿ ಅನ್ನುವವರನ್ನು ಬಿಟ್ಟು ಬೇರೆಯವರಿಗೆ ಅಲ್ಯೂಮಿನಿಯಂ ಬೇಡ. ಬ್ಯಾಟರಿ ಆಮ್ಲವನ್ನಂತೂ ಮುಟ್ಟಲೇಬೇಡಿ. ಬಳಸಿದ ಬ್ಯಾಟರಿಯ ಆಮ್ಲದಲ್ಲಿ ಸೀಸ ಇರುತ್ತದೆ, ಅದು ಮಣ್ಣು ಸೇರಿದರೆ ತೆಗೆಯುವ ದಾರಿ ಇಲ್ಲ.

ಇನ್ನು ನೀವು ಕೇಳದ, ಆದರೆ ಕೇಳಬೇಕಾಗಿದ್ದ ಪ್ರಶ್ನೆ: ಪಿಎಚ್ ಏರಿದ್ದು ಯಾಕೆ? ಕುಂಡದ ಗಿಡಗಳಲ್ಲಿ ಬಹಳ ಸಲ ಕಾರಣ ನೀರು. ಗಡಸು ನೀರಿನಲ್ಲಿ ಬೈಕಾರ್ಬೊನೇಟ್ ಕರಗಿರುತ್ತದೆ, ಪ್ರತಿ ಸಲ ನೀರು ಹಾಕಿದಾಗಲೂ ಮಣ್ಣಿಗೆ ಸ್ವಲ್ಪ ಸುಣ್ಣ ಹಾಕಿದ ಹಾಗಾಗುತ್ತದೆ. ಲೀಟರಿಗೆ 200 ಮಿಲಿಗ್ರಾಂ ಸುಣ್ಣಕ್ಕೆ ಸಮನಾದ ಬೈಕಾರ್ಬೊನೇಟ್ ಇರುವ ನೀರನ್ನು ದಿನಕ್ಕೆ ಒಂದು ಲೀಟರ್ ಹಾಕಿದರೆ ವರ್ಷಕ್ಕೆ 73 ಗ್ರಾಂ. ಸ್ವಲ್ಪ ತಳದಿಂದ ಹರಿದು ಹೋಗುತ್ತದೆ, ಒಪ್ಪುತ್ತೇನೆ. ಆದರೂ ನೀವು ಹಾಕಿದ 5 ಗ್ರಾಂ ಗಂಧಕ ಸರಿದೂಗಿಸುವುದು ಸುಮಾರು 15 ಗ್ರಾಂ ಸುಣ್ಣವನ್ನು ಮಾತ್ರ. ಎರಡೂವರೆ ತಿಂಗಳಲ್ಲಿ ನೀರು ಅದನ್ನು ತಿಂದು ಹಾಕುತ್ತದೆ. ಕುಂಡದ ಅಂಚಿನಲ್ಲಿ, ತಳದ ತೂತಿನ ಸುತ್ತ ಬಿಳಿ ಪಟ್ಟೆ ಕಟ್ಟಿದೆಯಾ ನೋಡಿ.

ನೀರಿನ ಪಿಎಚ್ ಅಳೆದು ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಅಳೆಯಬೇಕಾದ್ದು ಬೈಕಾರ್ಬೊನೇಟ್. ಮೀನಿನ ತೊಟ್ಟಿಗೆ ಬಳಸುವ ಕೆಎಚ್ ಕಿಟ್ ಸಾಕು, ಅದರ ಒಂದು ಡಿಗ್ರಿ ಅಂದರೆ ಲೀಟರಿಗೆ ಸುಮಾರು 18 ಮಿಲಿಗ್ರಾಂ ಸುಣ್ಣಕ್ಕೆ ಸಮ. ಐದು ಡಿಗ್ರಿಯೊಳಗೆ ಇದ್ದರೆ ಚಿಂತೆ ಬೇಡ. ಹತ್ತು ದಾಟಿದರೆ ಹುಳಿ ಬೇಡುವ ಗಿಡಗಳಿಗೆ ಮಳೆನೀರು ಹಿಡಿದಿಟ್ಟು ಹಾಕಿ, ಅದರಲ್ಲಿ ಬೈಕಾರ್ಬೊನೇಟ್ ಬಹುತೇಕ ಇರುವುದಿಲ್ಲ. ಸಾರಜನಕಕ್ಕೆ ಅಮೋನಿಯಂ ಸಲ್ಫೇಟ್ ಕೊಟ್ಟರೆ ಅದು ಗೊಬ್ಬರವಾಗಿಯೂ ಆಗುತ್ತದೆ, ಮಣ್ಣನ್ನು ಹುಳಿಯ ಕಡೆಗೂ ತಳ್ಳುತ್ತದೆ. ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು ಗಿಡಕ್ಕೆ ಹಾಕುತ್ತಿದ್ದರೆ ಇವತ್ತೇ ನಿಲ್ಲಿಸಿ. ಯಂತ್ರ ತೆಗೆದ ಲವಣ, ಬೈಕಾರ್ಬೊನೇಟ್ ಎಲ್ಲ ಗಟ್ಟಿಯಾಗಿ ಕೂಡಿರುವುದು ಆ ನೀರಿನಲ್ಲೇ. ಅದನ್ನು ನೆಲ ಒರೆಸಲು ಬಳಸಿ.