ಒಂದು ಕಂಟೇನರ್‌ಗೆ ಎಷ್ಟು ಚೀಲ ಚೆರಿ?

ಕೊಡಗಿನ ಬೆಳೆಗಾರ ರೋಬಸ್ಟಾ ಚೆರಿಯನ್ನು, ಅಂದರೆ ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣನ್ನು, 50 ಕೆ.ಜಿ. ಚೀಲದ ಲೆಕ್ಕದಲ್ಲಿ ಮಾರುತ್ತಾನೆ. ಅಷ್ಟು ಚೆರಿಯ ಸಿಪ್ಪೆ ತೆಗೆದರೆ ಎಷ್ಟು ಕಿಲೋ ಬೀಜ ದೊರೆಯುತ್ತದೆ ಎಂಬುದೇ ಅವನ ಬೆಲೆಯನ್ನು ನಿರ್ಧರಿಸುವ ಓಟಿ (ಔಟ್‌ಟರ್ನ್). ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆಯಾದ ಕ್ಯೂರಿಂಗ್ ವರ್ಕ್ಸ್ ದಾಟಿದ ಬೀಜ ರಫ್ತಿಗೆಂದು ಸಾಮಾನ್ಯವಾಗಿ 60 ಕೆ.ಜಿ. ಗೋಣಿಗೆ ಸೇರುತ್ತದೆ. ಇಪ್ಪತ್ತು ಅಡಿಯ ಕಂಟೇನರ್‌ನಲ್ಲಿ ಇಂಥ 320 ಗೋಣಿಗಳನ್ನು, ಅಂದರೆ 19.2 ಟನ್ ಕಾಫಿಯನ್ನು ತುಂಬುವುದು ವಾಡಿಕೆ. ಓಟಿ 26 ಎಂದು ಹಿಡಿದರೆ ಇದಕ್ಕೆ ಸುಮಾರು 740 ಚೀಲ ಚೆರಿ ಬೇಕಾಗುತ್ತದೆ.

ನಲವತ್ತು ಅಡಿಯದರಲ್ಲಿ ಇದರ ಎರಡರಷ್ಟು ಹಿಡಿಸಬಹುದಲ್ಲವೇ? ಜಾಗವೇನೋ ಇದೆ: ಚಿಕ್ಕದರ ಒಳಗಾತ್ರ ಸುಮಾರು 33 ಘನ ಮೀಟರ್, ದೊಡ್ಡದರದು 67. ಆದರೆ ದೊಡ್ಡದರ ಒಟ್ಟು ತೂಕದ ಮಿತಿ ಬಹುಕಾಲ 30,480 ಕೆ.ಜಿ. ಆಗಿತ್ತು; ಮೊದಲು ಕಡಿಮೆಯಿದ್ದ ಚಿಕ್ಕದರ ಮಿತಿಯೂ ಆಮೇಲೆ ಅಷ್ಟೇ ಆಯಿತು. ದೊಡ್ಡ ಪೆಟ್ಟಿಗೆಯ ಸ್ವಂತ ತೂಕವೇ ನಾಲ್ಕು ಟನ್ನಿನ ಹತ್ತಿರವಿರುವುದರಿಂದ, ಕಾಫಿ ತುಂಬುತ್ತ ಹೋದರೆ ಮೂರನೆಯ ಒಂದು ಭಾಗ ಖಾಲಿಯಿರುವಾಗಲೇ ಮಿತಿ ಮುಟ್ಟಿಬಿಡುತ್ತದೆ. ಈಚೆಗೆ ಅಂತರರಾಷ್ಟ್ರೀಯ ಮಾನದಂಡ ಆ ಮಿತಿಯನ್ನು 36,000 ಕೆ.ಜಿ.ಗೆ ಏರಿಸಿದ್ದರೂ, ಆಯಾ ಪೆಟ್ಟಿಗೆಯ ಬಾಗಿಲ ಮೇಲೆ ಬರೆದ ಅಂಕಿಯನ್ನು ಮೀರುವಂತಿಲ್ಲ. ರಸ್ತೆಯ ಮಿತಿಯಂತೂ ಬೇರೆಯೇ.

1956ರ ಏಪ್ರಿಲ್ 26ರಂದು ಕಂಟೇನರ್ ಸಾಗಣೆಗೆ ನಾಂದಿ ಹಾಡಿದ ಅಮೆರಿಕದ ಉದ್ಯಮಿ ಮ್ಯಾಲ್ಕಮ್ ಮೆಕ್ಲೀನ್ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹಡಗಿನಲ್ಲಿ ಕಳುಹಿಸಿದ 58 ಪೆಟ್ಟಿಗೆಗಳು 35 ಅಡಿ ಉದ್ದವಿದ್ದವು. ಇಪ್ಪತ್ತು, ನಲವತ್ತರ ಜೋಡಿ ಬಂದದ್ದು ಆಮೇಲೆ. ಈ ಜೋಡಿಯಲ್ಲಿ ನನಗೆ ಬಹಳ ಮೆಚ್ಚುಗೆಯಾದ ಸಂಗತಿಯೆಂದರೆ, ಇಪ್ಪತ್ತು ಅಡಿಯದು ನಿಜಕ್ಕೂ ಇಪ್ಪತ್ತು ಅಡಿ ಇಲ್ಲ. ಅದರ ಉದ್ದ 6.058 ಮೀಟರ್, ಅಂದರೆ ಒಂದೂವರೆ ಅಂಗುಲ ಕಡಿಮೆ. ಎರಡನ್ನು ಒಂದರ ಹಿಂದೊಂದು ಇಟ್ಟು ನಡುವೆ 76 ಮಿಲಿಮೀಟರ್ ಸಂದು ಬಿಟ್ಟರೆ ಸರಿಯಾಗಿ 12.192 ಮೀಟರ್, ಅಂದರೆ ಒಂದು ನಲವತ್ತು ಅಡಿಯ ಪೆಟ್ಟಿಗೆಯ ಉದ್ದವಾಗುತ್ತದೆ. ಹೀಗಾಗಿ ಅದೇ ಜಾಗದಲ್ಲಿ ಎರಡು ಚಿಕ್ಕವಾದರೂ ಕೂರುತ್ತವೆ, ಒಂದು ದೊಡ್ಡದಾದರೂ ಕೂರುತ್ತದೆ.

ಇಡೀ ಕಂಟೇನರ್ ತುಂಬಿಸಲಾಗದ ಸಣ್ಣ ರಫ್ತುದಾರ ಇತರರೊಂದಿಗೆ ಜಾಗ ಹಂಚಿಕೊಂಡಾಗ ಲೆಕ್ಕ ತಿರುಗುತ್ತದೆ. ಅಲ್ಲಿ ಒಂದು ಟನ್ ಅಥವಾ ಒಂದು ಘನ ಮೀಟರ್, ಯಾವುದರ ಲೆಕ್ಕ ಹೆಚ್ಚಾಗುವುದೋ ಅದಕ್ಕೆ ಬಾಡಿಗೆ. ಒಂದು ಟನ್ ಕಾಫಿ ಗೋಣಿಯಲ್ಲಿ ಸುಮಾರು ಒಂದೂಮುಕ್ಕಾಲು ಘನ ಮೀಟರ್ ಆಕ್ರಮಿಸುವುದರಿಂದ, ದೊಡ್ಡ ಪೆಟ್ಟಿಗೆಯಲ್ಲಿ ಭಾರವೆನಿಸಿದ ಅದೇ ಸರಕು ಇಲ್ಲಿ ಗಾತ್ರಕ್ಕೆ ದುಡ್ಡು ತೆರುತ್ತದೆ.