ಸಾಸಿವೆ ಡಬ್ಬಿಯ ಅಳಿಲು

ಯುಗಾದಿಗೆ ಮುಂಚೆ ಸಕಲೇಶಪುರದ ಮನೆಯಲ್ಲಿ ಡಬ್ಬಿಗಳನ್ನೆಲ್ಲ ತೊಳೆಯುತ್ತಿದ್ದಾಗ ಸಾಸಿವೆ ಡಬ್ಬಿಯ ತಳದಿಂದ ಎರಡು ಐನೂರರ ನೋಟು ಬಂದವು. 2016ರಲ್ಲೇ ರದ್ದಾದ ಹಳೇ ನೋಟುಗಳು. ಮಗಳು "ಅಜ್ಜಿ ಸ್ಕ್ವಿರಲ್ ಅವೇ ಮಾಡಿದಾರೆ" ಅಂತ ನಕ್ಕಳು. ಅಂದ್ರೆ ಅಳಿಲಿನ ಥರ ಬಚ್ಚಿಡೋದು. ಅಮ್ಮ ಒಪ್ಪಲಿಲ್ಲ. "ಅಳಿಲೇನು ಕೂಡಿಡುತ್ತೆ? ನನ್ನ ಸೀಬೆಕಾಯಿ ಅರ್ಧ ಕಚ್ಚಿ ಬೀಳಿಸುತ್ತೆ ಅಷ್ಟೇ" ಅಂದರು.

ಅಮ್ಮನ ಮಾತು ಸುಳ್ಳಲ್ಲ. ನಮ್ಮಲ್ಲಿ ಅಳಿಲು ಅಂದ ಕೂಡಲೇ ನೆನಪಾಗೋದು ಅಳಿಲು ಸೇವೆ, ರಾಮ ಬೆನ್ನು ಸವರಿದ ಮೂರು ಗೆರೆ. ಕಾಸಿಗೂ ಅದಕ್ಕೂ ಸಂಬಂಧವೇ ಇಲ್ಲ. ಇಲ್ಲಿ ಹಿಮ ಬೀಳಲ್ಲ, ವರ್ಷವಿಡೀ ಹಣ್ಣೋ ಹೂವೋ ಹುಳವೋ ಸಿಗುತ್ತೆ, ಚಳಿಗಾಲಕ್ಕೆ ಅಂತ ಒದ್ದಾಡುವ ಅಗತ್ಯ ಅದಕ್ಕಿಲ್ಲ. ಇಂಗ್ಲಿಷಿನವರು ನೋಡಿದ ಅಳಿಲಿಗೆ ತಿಂಗಳುಗಟ್ಟಲೆ ಮರ ಬೋಳು. ಹಾಗಾಗಿ ಅದು ಬೇಸಿಗೆ ಮುಗಿದ ಮೇಲೆ ಓಕ್ ಮರದ ಕಾಯಿಗಳನ್ನು ಹೂಳುತ್ತೆ. ಅದನ್ನು ನೋಡಿಯೇ 20ನೇ ಶತಮಾನದಲ್ಲಿ ಅಳಿಲಿನ ಹೆಸರು ಬಚ್ಚಿಡುವ ಕೆಲಸಕ್ಕೂ ಬಂತು. ಜರ್ಮನ್ನರು ಇದೇ ಕೆಲಸಕ್ಕೆ ಹ್ಯಾಮ್‌ಸ್ಟರ್ ಹಿಡಿದುಕೊಂಡರು, ಅದು ಕೆನ್ನೆ ಚೀಲದಲ್ಲೇ ಕಾಳು ತುಂಬಿಕೊಂಡು ಹೋಗೋ ಪ್ರಾಣಿ. ಅಂದಹಾಗೆ ನಮ್ಮ ಅಳಿಲಿನ ವೈಜ್ಞಾನಿಕ ಹೆಸರು ಫುನಾಂಬುಲಸ್, ಅಂದ್ರೆ ಹಗ್ಗದ ಮೇಲೆ ನಡೆಯುವವನು. ಕರೆಂಟ್ ವೈರ್ ಮೇಲೆ ಅದರ ಓಟ ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ.

ಆದ್ರೆ ಬಚ್ಚಿಡೋದು ಅಂದ್ರೆ ಒಂದೇ ಗೋಲಕಕ್ಕೆ ಹಾಕೋದು ಅಂದುಕೊಂಡ್ರೆ ತಪ್ಪು. ಅಮೆರಿಕದ ಬೂದು ಅಳಿಲು ಒಂದೊಂದು ಗುಂಡಿಯಲ್ಲಿ ಒಂದೊಂದೇ ಕಾಯಿ ಹೂಳುತ್ತೆ, ಒಂದು ಕಳುವಾದ್ರೂ ಉಳಿದವು ಇರಲಿ ಅಂತ. ಮರೆತುಬಿಡುತ್ತೆ ಅಂತ ಜನ ಅಂದುಕೊಂಡಿದ್ದರು, ವಾಸನೆ ಹಿಡಿದು ಸುಮ್ನೆ ಕೆದಕುತ್ತೆ ಅಂತಲೂ. 1991ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಹಲವು ದಿನ ಬಿಟ್ಟು ಅದೇ ಜಾಗಕ್ಕೆ ಬಿಟ್ಟ ಅಳಿಲುಗಳು ಬೇರೆಯವು ಹೂತದ್ದಕ್ಕಿಂತ ತಾವು ಹೂತದ್ದನ್ನೇ ಜಾಸ್ತಿ ಹುಡುಕಿ ತೆಗೆದವು. ವಾಸನೆಯೊಂದೇ ಆಗಿದ್ದರೆ ಯಾರದ್ದಾದರೇನು, ಅಲ್ವಾ? ಯಾರಾದ್ರೂ ನೋಡ್ತಿದ್ರೆ ಖಾಲಿ ಗುಂಡಿ ತೋಡಿ, ಮಣ್ಣು ಮುಚ್ಚಿ, ಕಾಯಿ ಬಾಯಲ್ಲೇ ಇಟ್ಟುಕೊಂಡು ಮುಂದೆ ಹೋಗುವುದೂ ಉಂಟು. ಕೆಲವು ಜಾತಿಯ ಓಕ್ ಕಾಯಿ ಬಿದ್ದ ಕೂಡಲೇ ಮೊಳಕೆ ಬಿಡುತ್ತೆ. ಅಂಥದ್ದನ್ನು ಆಗಲೇ ತಿಂದುಬಿಡುತ್ತೆ, ಇಲ್ಲವೇ ಮೊಳಕೆಯ ಜಾಗವನ್ನೇ ಕಚ್ಚಿ ತೆಗೆದು ಹೂಳುತ್ತೆ.

ಇದನ್ನೆಲ್ಲ ಓದಿ ಹೇಳುತ್ತಿದ್ದಾಗ ಅಮ್ಮ ಮೆತ್ತಗೆ ನಕ್ಕರು. ಅವರ ದುಡ್ಡು ಸಾಸಿವೆ ಡಬ್ಬಿಯಲ್ಲಿ ಒಂದಷ್ಟು, ರೇಷ್ಮೆ ಸೀರೆ ಮಡಿಕೆಯಲ್ಲಿ ಒಂದಷ್ಟು, ಇನ್ನೆಲ್ಲಿದೆಯೋ ನನಗೂ ಗೊತ್ತಿಲ್ಲ.

ಸೈಬೀರಿಯಾದ ಕತೆ ಮಾತ್ರ ಅವರಿಗೆ ಹಿಡಿಸಿತು. ಅಲ್ಲಿ ಕೊಲಿಮಾ ನದಿ ದಂಡೆಯಲ್ಲಿ, 38 ಮೀಟರ್ ಆಳದ ಹೆಪ್ಪುಗಟ್ಟಿದ ಮಣ್ಣಿನಲ್ಲಿ, ನೆಲದಲ್ಲಿ ಬಿಲ ತೋಡುವ ಅಳಿಲುಗಳ ಹಳೇ ಉಗ್ರಾಣ ಸಿಕ್ಕಿತ್ತು. ಅದರಲ್ಲಿದ್ದ ಕಾಯಿಗಳಿಗೆ ಸುಮಾರು 32,000 ವರ್ಷ. ಆ ಕಾಯಿಯೊಳಗಿನ ಜೀವಕೋಶಗಳಿಂದ ರಷ್ಯದ ವಿಜ್ಞಾನಿಗಳು ಲ್ಯಾಬಿನಲ್ಲಿ ಗಿಡ ಬೆಳೆಸಿದರು, 2012ರಲ್ಲಿ ಸುದ್ದಿ ಹೊರಬಂತು.

"ಹೂ ಬಿಡ್ತಾ?" ಅಂತ ಕೇಳಿದರು.

ಬಿಡ್ತು, ಬಿಳಿ ಹೂ, ಬೀಜವೂ ಆಯ್ತು ಅಂದೆ. ಅವರು ಡಬ್ಬಿ ಒರೆಸಿ, ಎರಡೂ ನೋಟನ್ನು ಮೊದಲಿನ ಹಾಗೇ ತಳಕ್ಕೆ ಹಾಕಿ ಸಾಸಿವೆ ಸುರಿದರು.